ಇಟ್ಟಿಗೆ ಗೋಡೆ ಎದುರಿಗೆ ಟ್ರೈಪಾಡು: ಲೆನ್ಸ್ ಹುಚ್ಚಿನವರ ಮನೆಮಂದಿ ಬರೆದ ಪತ್ರಗಳು

ಹೋದ ಸಂಚಿಕೇಲಿ ತುಮಕೂರಿನ ಓದುಗರೊಬ್ರು "ನಮ್ಮೆಜಮಾನ್ರು ಕ್ಯಾಮೆರಾ ತಗೊಂಡಾಗಿಂದ ಕಾಂಪೌಂಡ್ ಗೋಡೆ ಬಿಟ್ಟು ಬೇರೇನೂ ಫೋಟೋ ತೆಗೆದಿಲ್ಲ, ಇದೇನು ಕಾಯಿಲೇನಾ" ಅಂತ ಕೇಳಿದ್ರು. ಕಾಯಿಲೆ ಅಲ್ಲ, ಲೆನ್ಸ್ ಟೆಸ್ಟಿಂಗ್ ಅಂತಾರೆ ಇದಕ್ಕೆ, ಅಂತ ಎರಡು ಸಾಲು ಬರೆದು ಕೈ ತೊಳ್ಕೊಂಡಿದ್ದೆ. ಅದನ್ನ ಓದಿದ ಮೇಲೆ ಗೊತ್ತಾಯ್ತು ನೋಡಿ ರಾಜ್ಯದಲ್ಲಿ ಎಷ್ಟು ಮನೇಲಿ ಗೋಡೆ ಫೋಟೋ ತೆಗೀತಾ ಇದಾರೆ ಅಂತ. ಬಂದ ಪತ್ರಗಳಲ್ಲಿ ಕೆಲವನ್ನ ಆರಿಸಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಕೊಟ್ಟಿದೀನಿ, ಮಿಕ್ಕವರು ಬೇಜಾರು ಮಾಡ್ಕೋಬೇಡಿ, ಅತ್ತೆ-ಸೊಸೆ ಪತ್ರಗಳೆಲ್ಲ ಮುಂದಿನ ಸಲ.

ಪ್ರಶ್ನೆ: ಮೇಡಂ, ನಮ್ಮನೆಯವರಿಗೆ ಫೋಟೋಗ್ರಫಿ ಹುಚ್ಚು ಅಂತ ಎಲ್ಲರೂ ಹೇಳ್ತಾರೆ, ನಿಜ ಹೇಳ್ಬೇಕು ಅಂದ್ರೆ ಲೆನ್ಸ್ ಹುಚ್ಚು. ಕೊರಿಯರ್‌ನಲ್ಲಿ ಒಂದು ಲೆನ್ಸ್ ಬಂತು ಅಂದ್ರೆ ಆ ಭಾನುವಾರ ಪೂರ್ತಿ ಹೋಯ್ತು. ಎದುರುಗಡೆ ಇನ್ನೂ ಪ್ಲಾಸ್ಟರ್ ಆಗದೇ ಇರೋ ಮನೆ ಒಂದಿದೆ, ಅದರ ಇಟ್ಟಿಗೆ ಗೋಡೆಗೆ ಟ್ರೈಪಾಡ್ ಹಾಕ್ಕೊಂಡು ನಿಂತುಬಿಡ್ತಾರೆ. ಆಮೇಲೆ ನನ್ನ ಸರದಿ. ಬಾಲ್ಕನೀಲಿ ನಿಲ್ಲು, ಅಲ್ಲಾಡಬೇಡ, ರೆಪ್ಪೆ ಬಡೀಬೇಡ, ಈಗ ಒಂದು ಹೆಜ್ಜೆ ಹಿಂದೆ ಹೋಗು. ಒಳಗೆ ಸಾರು ಉಕ್ಕಿ ಸ್ಟೌ ಆರಿರುತ್ತೆ. ಅದನ್ನ ಕಂಪ್ಯೂಟರಿಗೆ ಹಾಕಿ ನನ್ನ ರೆಪ್ಪೆ ಕೂದಲು ಮಾತ್ರ ಸ್ಕ್ರೀನ್ ತುಂಬ ದೊಡ್ಡದು ಮಾಡಿ "ಎಡಗಡೆ ಸ್ವಲ್ಪ ಸಾಫ್ಟ್ ಇದೆ" ಅಂತಾರೆ. ನಾನು ಹೇಗೆ ಕಾಣ್ತಿದೀನಿ ಅಂತ ಒಂದು ದಿನ ಬಾಯಿಬಿಟ್ಟು ಹೇಳಿಲ್ಲ. ಮಗಳ ನಾಮಕರಣದ ಫೋಟೋ ಅಂತ ನಮ್ಮ ಹತ್ರ ಇರೋದು ನನ್ನ ತಮ್ಮ ಫೋನಲ್ಲಿ ತೆಗೆದದ್ದು. ದುಡ್ಡು ಕೇಳಿದ್ರೆ "ಹಳೇದು ಮಾರಿ ತಗೊಂಡೆ" ಅನ್ನೋದೊಂದೇ ಉತ್ತರ. ಜಗಳ ಆಡೋಕೆ ಇಷ್ಟ ಇಲ್ಲ, ಮನುಷ್ಯ ಒಳ್ಳೆಯವರೇ. ಏನ್ಮಾಡ್ಲಿ?
ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಅವರ ಪರವಾಗಿ ಸ್ವಲ್ಪ ಮಾತಾಡ್ತೀನಿ, ಸಿಟ್ಟಾಗಬೇಡಿ ತಾಯಿ. ಇಟ್ಟಿಗೆ ಗೋಡೆ ಫೋಟೋ ತೆಗೆಯೋದು ಪೂರ್ತಿ ಹುಚ್ಚಾಟ ಅಲ್ಲ. ಈಗಿನ ಒಂದು ಲೆನ್ಸ್ ಒಳಗೆ ಹತ್ತು, ಹದಿನೈದು, ಕೆಲವದರಲ್ಲಿ ಇಪ್ಪತ್ತು ಗಾಜಿನ ತುಂಡು ಇರ್ತವೆ, ಎಲ್ಲಾದರ ಮಧ್ಯಬಿಂದು ಒಂದೇ ಗೆರೇಲಿ ಕೂರಬೇಕು. ಫ್ಯಾಕ್ಟರಿಯಲ್ಲೋ ದಾರೀಲಿ ಪೆಟ್ಟು ಬಿದ್ದೋ ಒಂದು ಗಾಜು ಕೂದಲೆಳೆಯಷ್ಟು ಓರೆ ಆದ್ರೆ ಸಾಕು, ಫೋಟೋದ ಒಂದು ಮೂಲೆ ಚೆನ್ನಾಗಿರುತ್ತೆ, ಎದುರಿನ ಮೂಲೆ ಮಂಜು ಮಂಜು. ಡಿಸೆಂಟರಿಂಗ್ ಅಂತಾರೆ ಇದಕ್ಕೆ. ಒಂದೇ ಕಂಪನಿಯ ಒಂದೇ ಮಾಡೆಲಿನ ಎರಡು ಲೆನ್ಸ್ ಪಕ್ಕಪಕ್ಕ ಇಟ್ಟು ನೋಡಿದ್ರೂ ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ. ಅಷ್ಟು ದುಡ್ಡು ಕೊಟ್ಟು ತಗೊಂಡ ಮೇಲೆ ವಾಪಸ್ ಮಾಡೋ ಅವಧಿ ಮುಗಿಯೋದ್ರೊಳಗೆ ನೋಡ್ಕೊಳ್ಳೋದು ಜಾಣತನವೇ. ಇಟ್ಟಿಗೆ ಗೋಡೆ ಯಾಕೆ ಅಂದ್ರೆ ಅದು ಸಪಾಟಾಗಿದೆ, ಮೂಲೆಯಿಂದ ಮೂಲೆವರೆಗೂ ಒಂದೇ ಥರ ಗೆರೆ ಇದೆ, ಬಾಡಿಗೆ ಕೇಳಲ್ಲ.

ಆದ್ರೆ ಈ ಕೆಲಸ ಎಷ್ಟು ಹೊತ್ತಿಂದು ಅನ್ನೋದೇ ಪ್ರಶ್ನೆ. ಕ್ಯಾಮೆರಾನ ಗೋಡೆಗೆ ನೇರವಾಗಿ ಟ್ರೈಪಾಡ್ ಮೇಲೆ ಕೂರಿಸಿ, ಕೈ ನಡುಕ ಸರಿಮಾಡೋ ಸ್ಟೆಬಿಲೈಸೇಷನ್ ಆಫ್ ಮಾಡಿ, ಎರಡು ಸೆಕೆಂಡ್ ಟೈಮರ್ ಇಟ್ಟು, ಎಫ್ 1.8ರಿಂದ ಎಫ್ 16ರವರೆಗೆ (ಎಫ್ ನಂಬರ್ ಅಂದ್ರೆ ಬೆಳಕು ಒಳಗೆ ಬಿಡೋ ತೂತಿನ ಅಳತೆ, ನಂಬರ್ ಹೆಚ್ಚಾದಷ್ಟೂ ತೂತು ಸಣ್ಣದು) ಒಂದೊಂದು ಸ್ಟಾಪಿಗೆ, ಅಂದ್ರೆ ಹಂತಕ್ಕೆ, ಎರಡೆರಡು ಫೋಟೋ ತೆಗೆದ್ರೆ ಅರ್ಧ ಗಂಟೆ, ಕೂತು ನೋಡೋಕೆ ಇನ್ನರ್ಧ ಗಂಟೆ. ಮುಗೀತು. ಒಂದು ಗಂಟೆ ಕೆಲಸಕ್ಕೆ ಭಾನುವಾರ ಪೂರ್ತಿ ಹೋಗ್ತಿದೆ ಅಂದ್ರೆ ಅಲ್ಲಿ ಟೆಸ್ಟ್ ನಡೀತಿಲ್ಲ, ಟೆಸ್ಟೇ ಹವ್ಯಾಸ ಆಗಿದೆ. ಇದನ್ನ ಒಪ್ಪಿಕೊಂಡುಬಿಟ್ರೆ ನಿಮಗೆ ಅರ್ಧ ನೆಮ್ಮದಿ. ಅವರು ಫೋಟೋ ತೆಗೆಯೋರಲ್ಲ, ಲೆನ್ಸ್ ಅಳೆಯೋರು, ಎರಡೂ ಬೇರೆ ಬೇರೆ ಖಯಾಲಿ, ಅದಕ್ಕೂ ಇದಕ್ಕೂ ಕ್ಯಾಮೆರಾ ಒಂದೇ ಆಗಿರೋದ್ರಿಂದ ಮನೆಯವರಿಗೆ ಗೊಂದಲ. ನಾಮಕರಣದ ಫೋಟೋ ಅವರು ಯಾಕೆ ತೆಗೀಲಿಲ್ಲ ಅಂದ್ರೆ ಅಲ್ಲಿ ಅವರಿಗೆ ಅಳೆಯೋಕೆ ಏನೂ ಇರ್ಲಿಲ್ಲ, ಅಷ್ಟೇ, ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ.

ಹಾಗಂತ ನೀವು ಬಾಲ್ಕನೀಲಿ ನಿಂತೇ ಇರಬೇಕು ಅಂತ ಹೇಳ್ತಿಲ್ಲ! ಇದನ್ನ ನೇರವಾಗಿ ಹೇಳಿ, ಸಿಟ್ಟಿಲ್ಲದೆ: ನಾನು ಟೆಸ್ಟ್ ಚಾರ್ಟ್ ಅಲ್ಲ, ನನ್ನ ಫೋಟೋ ತೆಗೆದ್ರೆ ಅದನ್ನ ಪೂರ್ತಿ ಫೋಟೋ ಆಗಿ ಮೊದಲು ನನಗೆ ತೋರಿಸಬೇಕು, ರೆಪ್ಪೆ ಆಮೇಲೆ. ರೆಪ್ಪೆ ಫೋಕಸ್ ನೋಡ್ಲೇಬೇಕು ಅಂದ್ರೆ ಮಗಳ ಟೆಡ್ಡಿ ಬೇರ್ ಇದೆಯಲ್ಲ, ಅದು ಅಲ್ಲಾಡಲ್ಲ, ಸಾರೂ ಮಾಡಲ್ಲ.

ಇನ್ನೊಂದು ಲೆಕ್ಕ ಹೇಳಿಕೊಡ್ತೀನಿ, ಅವರ ಭಾಷೆಯಲ್ಲೇ ಮಾತಾಡಬಹುದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ ಅಂದ್ರೆ ಉದ್ದ 6000, ಅಗಲ 4000 ಚುಕ್ಕಿ. ಸ್ಟುಡಿಯೋದವರು ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ ಪ್ರಿಂಟ್ ಹಾಕಿದ್ರೆ ಅದು 20 ಇಂಚು ಉದ್ದ, 13 ಇಂಚು ಚಿಲ್ಲರೆ ಅಗಲ ಬರುತ್ತೆ. ಫೋನಲ್ಲೋ ವಾಟ್ಸಾಪಲ್ಲೋ ನೋಡುವಾಗ ಅದರಲ್ಲಿ ಹತ್ತರಲ್ಲೊಂದು ಪಾಲು ಚುಕ್ಕಿಯೂ ಕಾಣಲ್ಲ. ಅವರು ಸ್ಕ್ರೀನಲ್ಲಿ 200 ಪರ್ಸೆಂಟ್ ದೊಡ್ಡದು ಮಾಡಿ ನೋಡೋ ಮೂಲೆಯ ದೋಷ ಗೋಡೆ ಮೇಲೆ ತೂಗುಹಾಕಿದ 12-18 ಇಂಚಿನ ಫೋಟೋದಲ್ಲಿ ಹುಡುಕಿದ್ರೂ ಸಿಗೋದು ಕಷ್ಟ. ಎಫ್ 8ಕ್ಕೆ ಹೋದ್ರಂತೂ ಕಮ್ಮಿ ಬೆಲೆ 50 ಎಂಎಂ ಲೆನ್ಸೂ ಅದರ ಹತ್ತು ಪಟ್ಟು ಬೆಲೇದೂ ಮಧ್ಯಭಾಗದಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತೆ, ಎಫ್ 16 ದಾಟಿದ್ರೆ ಸಣ್ಣ ತೂತಲ್ಲಿ ಬೆಳಕು ಹರಡೋ ಡಿಫ್ರಾಕ್ಷನ್ ಅಂತ ಬಂದು ಎಂಥಾ ಲೆನ್ಸನ್ನೂ ಮಂಕು ಮಾಡುತ್ತೆ, ಅದು ಬೆಳಕಿನ ಗುಣ, ಕಂಪನಿ ತಪ್ಪಲ್ಲ. ಇದೆಲ್ಲ ಅವರಿಗೂ ಗೊತ್ತು, ನೀವು ಹೇಳಿದ್ರೆ ಬೆಚ್ಚಿ ಬೀಳ್ತಾರೆ, ಅದಕ್ಕೇ ಹೇಳಿ ಅಂದಿದ್ದು.

ದುಡ್ಡಿನ ವಿಷಯ ಮಾತ್ರ ನಗೆಚಾಟಿಕೆ ಅಲ್ಲ. "ಹಳೇದು ಮಾರಿ ತಗೊಂಡೆ" ಅನ್ನೋ ವಾಕ್ಯದಲ್ಲಿ ಎಷ್ಟಕ್ಕೆ ತಗೊಂಡು ಎಷ್ಟಕ್ಕೆ ಮಾರಿದ್ರು ಅನ್ನೋದು ಇರಲ್ಲ, ನೋಡಿ. ಒಂದು ನೋಟ್‌ಬುಕ್ ಇಡಿ, ಪ್ರತಿ ಲೆನ್ಸಿಗೂ ಎರಡು ಕಾಲಂ, ತಗೊಂಡ ಬೆಲೆ, ಮಾರಿದ ಬೆಲೆ. ನಡುವಿನ ವ್ಯತ್ಯಾಸ ಏನಿದೆಯೋ ಅದು ಆ ಹವ್ಯಾಸದ ಬಾಡಿಗೆ. ಅದು ನಿಮ್ಮ ಮನೆ ಬಜೆಟ್ಟಿಗೆ ತಡೆಯೋ ಹಾಗಿದ್ರೆ ಬಿಟ್ಟಾಕಿ, ಇಲ್ಲಾಂದ್ರೆ ವರ್ಷಕ್ಕೆ ಇಷ್ಟು ಅಂತ ಇಬ್ಬರೂ ಕೂತು ನಿಗದಿ ಮಾಡ್ಕೊಳ್ಳಿ. ದೊಡ್ಡ ಊರುಗಳಲ್ಲಿ ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತೆ, ಬೆಂಗಳೂರಿಗೆ ಹೋದಾಗ ಬಾಡಿಗೆಗೆ ತಂದು ಮನಸಾರೆ ಅಳೆದು ವಾಪಸ್ ಕೊಡಲಿ, ಅವರಿಗೆ ಬೇಕಿರೋದೂ ಅಷ್ಟೇ ಅಲ್ವಾ. ಮತ್ತೆ ಹೊಸ ಲೆನ್ಸ್ ಮನೇಲಿ ಉಳೀಬೇಕು ಅಂದ್ರೆ ಅದರಲ್ಲಿ ತೆಗೆದ ಮನೆಮಂದಿ ಫೋಟೋ ಒಂದು ಪ್ರಿಂಟ್ ಆಗಿ ಬರಬೇಕು ಅಂತ ಷರತ್ತು ಹಾಕಿ ನೋಡಿ, ಒಂದು ವರ್ಷದಲ್ಲಿ ನಿಮ್ಮ ಹಾಲ್ ಗೋಡೆ ತುಂಬುತ್ತೆ.

ಪ್ರಶ್ನೆ: ನಮಸ್ಕಾರ್ರೀ ಅಕ್ಕಾರ. ನನ್ನ ಮಗ ಎಂಜಿನಿಯರಿಂಗ್ ಕಡೀ ವರ್ಷದಾಗ ಅದಾನ. ಈಗೀಗ ಎಲ್ಲಿಂದಲೋ ಹಳೀ ಲೆನ್ಸ್ ತರಸ್ಕೋತ ಹೊಂಟಾನ, ಒಂದ ರಷ್ಯಾದ್ದಂತ, ಒಂದ ಜಪಾನದ್ದಂತ, ಎಲ್ಲಾ ನಮ್ಮಪ್ಪನ ಕಾಲದ್ದು. ಮೊನ್ನೆ ಬಂದದ್ದರ ಗಾಜು ಚಹಾದಂಗ ಹಳದಿ ಆಗೇತಿ. ಅದರಾಗ ರೇಡಿಯೇಶನ್ ಐತಿ ಅಂತ ಅವನ ಗೆಳ್ಯಾ ಹೇಳಿ ನಕ್ಕೋತ ಹೋದ. ಆವತ್ತಿನಿಂದ ನನಗ ನಿದ್ದಿ ಇಲ್ರಿ. ಇಂವ ನೋಡಿದ್ರ ಅದನ್ನ ತಲಿದಿಂಬಿನ ಬಾಜೂಕ ಇಟ್ಕೊಂಡು ಮಲಗತಾನ. ಹೊರಗ ಒಗೀಲೇನ್ರಿ?
ಒಬ್ಬ ತಾಯಿ, ಧಾರವಾಡ

ಉತ್ತರ: ಒಗೀಬ್ಯಾಡ್ರೀ ಯವ್ವಾ! ನಿಮ್ಮ ಮಗನ ಗೆಳೆಯ ಹೇಳಿದ್ದು ಸುಳ್ಳಲ್ಲ, ಆದ್ರೆ ಅರ್ಧ ಹೇಳಿ ಹೋಗಿದಾನೆ.

ಎರಡನೇ ಮಹಾಯುದ್ಧದ ಕಾಲದಿಂದ 1970ರ ದಶಕದವರೆಗೂ ಕೆಲವು ಕಂಪನಿಗಳು ಲೆನ್ಸಿನ ಒಂದೆರಡು ಗಾಜಿಗೆ ಥೋರಿಯಂ ಆಕ್ಸೈಡ್ ಬೆರೆಸ್ತಿದ್ರು. ಅದನ್ನ ಬೆರೆಸಿದ್ರೆ ಗಾಜು ಬೆಳಕನ್ನ ಜಾಸ್ತಿ ಬಾಗಿಸುತ್ತೆ, ಹಾಗಿದ್ರೂ ಬಣ್ಣಗಳು ಅಷ್ಟಾಗಿ ಚೆದುರಲ್ಲ, ಲೆನ್ಸ್ ಮಾಡೋರಿಗೆ ಇದಕ್ಕಿಂತ ಇನ್ನೇನು ಬೇಕು. ಥೋರಿಯಂ ವಿಕಿರಣ ಸೂಸೋ ವಸ್ತು, ಅದೇ ವಿಕಿರಣ ವರ್ಷಾನುಗಟ್ಟಲೆ ಕೆಲಸ ಮಾಡಿ ಗಾಜನ್ನ ಹಳದಿ ಮಾಡುತ್ತೆ. ಜಪಾನಿನ ಸೂಪರ್ ಟಾಕುಮಾರ್ 50 ಎಂಎಂ ಎಫ್ 1.4 ಇದಕ್ಕೆ ಹೆಸರುವಾಸಿ, ನಿಮ್ಮ ಮಗ ತರಿಸಿದ್ದು ಅದೋ ಅದರ ನೆಂಟರದೋ ಇರಬೇಕು. ಕ್ಯಾಮೆರಾಗೆ ಹಾಕಿ ಫೋಟೋ ತೆಗೆಯೋದ್ರಿಂದ ಮೈಗೆ ತಾಗೋ ವಿಕಿರಣ ತೀರಾ ಸಣ್ಣದು, ಕಪಾಟಲ್ಲಿ ಇಟ್ರೆ ಮನೆಮಂದಿಗೆ ಏನೂ ಆಗಲ್ಲ. ಮಾಡಬಾರದ್ದು ಏನು ಅಂದ್ರೆ, ಗಾಜು ಬಿಚ್ಚಿ ಉಜ್ಜಬಾರದು, ಒಡೆದ್ರೆ ಆ ಪುಡಿ ಮೂಗಿಗೆ ಬಾಯಿಗೆ ಹೋಗಬಾರದು, ಗಂಟೆಗಟ್ಟಲೆ ಕಣ್ಣಿಗೆ ಒತ್ತಿಕೊಂಡು ನೋಡಬಾರದು. ತಲೆದಿಂಬಿನ ಪಕ್ಕ ಯಾಕೆ ಬೇಕು, ಕಪಾಟಿಗೆ ಇಡು ಅಂತ ಒಂದು ಸಲ ಬೈರಿ, ಅದಕ್ಕೆ ನಿಮಗೆ ಹಕ್ಕಿದೆ.

ಆ ಹಳದಿ ಬಿಸಿಲಿಗೆ ಹೋಗುತ್ತೆ ಅಂತ ಅವನು ಕಿಟಕೀಲಿ ಇಡಬಹುದು. ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣಕ್ಕೆ ಕೆಲವು ದಿನದಲ್ಲಿ, ಕೆಲವು ವಾರದಲ್ಲಿ ನಿಜವಾಗ್ಲೂ ತಿಳಿ ಆಗುತ್ತೆ. ಆದ್ರೆ ಲೆನ್ಸ್ ಅಂದ್ರೆ ಭೂತಗನ್ನಡಿಯೇ ತಾನೇ, ಧಾರವಾಡದ ಏಪ್ರಿಲ್ ಬಿಸಿಲಿಗೆ ಹಿಂದುಗಡೆ ಮುಚ್ಚದೆ ಇಟ್ರೆ ಪರದೆಗೋ ಹಾಸಿಗೆಗೋ ಬೆಂಕಿ ಹತ್ತಬಹುದು. ಒಂದು ಬದಿ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಇಡೋಕೆ ಹೇಳಿ. ನನ್ನ ಕೇಳಿದ್ರೆ ವಿಕಿರಣಕ್ಕಿಂತ ಇದಕ್ಕೇ ನೀವು ಹೆದರಬೇಕಾದ್ದು.

ರಷ್ಯಾದ್ದು ಬಹುಶಃ ಹೀಲಿಯೋಸ್ 44-2 ಇರುತ್ತೆ, 58 ಎಂಎಂ ಎಫ್ 2. ಹಳೇ ಲೆನ್ಸ್ ಹುಡುಗರೆಲ್ಲ ಅಲ್ಲಿಂದಲೇ ಶುರು ಮಾಡೋದು. ಜರ್ಮನಿಯ ಬಯೋಟಾರ್ ಅನ್ನೋ ಲೆನ್ಸಿನ ನಕ್ಷೆ ಇಟ್ಕೊಂಡು ಸೋವಿಯತ್‌ನವರು ಲಕ್ಷಾಂತರ ಮಾಡಿದ್ರು, ಹಿಂದೆ ಗಿಡಮರ ಇದ್ರೆ ಎಲೆಗಳೆಲ್ಲ ಗಿರ್ರನೆ ಸುತ್ತಿದ ಹಾಗೆ ಬರುತ್ತೆ. ಆಪ್ಟಿಕ್ಸ್ ಲೆಕ್ಕದಲ್ಲಿ ಅದು ದೋಷ, ಈ ಹುಡುಗರಿಗೆ ಅದೇ ಚಂದ. ಅದನ್ನ ಈಗಿನ ಕ್ಯಾಮೆರಾಗೆ ಸಿಕ್ಕಿಸೋ ಅಡಾಪ್ಟರ್ ಕೂಡ ಜಾಸ್ತಿ ಬೆಲೆ ಅಲ್ಲ. ಹೊಸ ಲೆನ್ಸಿನ ರೋಗಕ್ಕಿಂತ ಹಳೇ ಲೆನ್ಸಿನ ರೋಗ ಎಷ್ಟೋ ಅಗ್ಗ ಅಂತ ಸಮಾಧಾನ ಮಾಡ್ಕೊಳ್ರಿ. ಫೋಕಸ್ಸು ಕೈಯಲ್ಲೇ ತಿರುಗಿಸಬೇಕು, ಹುಡುಗ ಫೋಟೋಗ್ರಫಿಯನ್ನೂ ಒಂದಿಷ್ಟು ಕಲೀತಾನೆ.

ಪ್ರಶ್ನೆ: ನಮ್ಮದು ಪುತ್ತೂರಿನ ಹತ್ತಿರ. ಮಳೆ ಹಿಡಿಯಿತು ಅಂದ್ರೆ ನನ್ನ ಗಂಡನಿಗೆ ಲೆನ್ಸಿಗೆ ಫಂಗಸ್ ಹಿಡೀತದೆ ಅಂತ ಒಂದೇ ಚಿಂತೆ. ಚಪ್ಪಲಿಗೆ ಬೆಲ್ಟಿಗೆ ನನ್ನ ಸೀರೆಗೆ ಬೂಷ್ಟು ಬಂದ್ರೆ ಅಡ್ಡಿಲ್ಲ, ಲೆನ್ಸಿಗೆ ಬರಬಾರದು. ನನ್ನ ಅಕ್ಕಿ ಡಬ್ಬದೊಳಗೆ ಲೆನ್ಸ್ ಹುಗಿದು ಇಟ್ಟಿದ್ರು ಮಾರಾಯ್ರೆ! ದಿನಾ ಸಂಜೆ ಟಾರ್ಚ್ ಹಾಕಿ ಒಂದೊಂದೇ ಲೆನ್ಸ್ ಒಳಗೆ ಇಣುಕಿ ನೋಡುದು, ಟೆಸ್ಟ್ ಫೋಟೋ ತೆಗೆಯುದು. ಈಗ ಕರೆಂಟಿನ ಕಪಾಟು ಬೇಕಂತೆ. ಅದು ನಿಜವಾಗಿ ಬೇಕಾ, ಇಲ್ಲ ಇದೂ ಒಂದು ಹುಚ್ಚಾ?
ಓದುಗಿ, ಪುತ್ತೂರು

ಉತ್ತರ: ಬೇಕು. ಈ ಒಂದು ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಯಜಮಾನರ ಕಡೆ. ಗಾಳಿಯ ತೇವಾಂಶ 60-70 ಪರ್ಸೆಂಟ್ ದಾಟಿ ಹಾಗೇ ನಿಂತ್ರೆ ಲೆನ್ಸ್ ಒಳಗೆ ಫಂಗಸ್ ಎಳೆ ಬಿಡುತ್ತೆ, ನಿಮ್ಮ ಕಡೆ ಜೂನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗೆ ಇಳಿಯೋದೇ ಅಪರೂಪ. ಒಂದು ಹಂತ ದಾಟಿದ್ರೆ ಗಾಜಿನ ಮೇಲಿನ ಕೋಟಿಂಗ್ ತಿಂದುಹಾಕುತ್ತೆ, ಆಮೇಲೆ ತೊಳೆಸಿದ್ರೂ ಗುರುತು ಹೋಗಲ್ಲ. ತೇವಾಂಶ 40ರಿಂದ 50ರ ಮಧ್ಯೆ ಇರಬೇಕು, ತೀರಾ ಒಣಗಿಸೋದೂ ಒಳ್ಳೇದಲ್ಲ. ಸಣ್ಣ ಡ್ರೈ ಕ್ಯಾಬಿನೆಟ್ಟಿಗೆ ಕರೆಂಟ್ ತೀರಾ ಕಮ್ಮಿ ಸಾಕು. ಅದೂ ಬೇಡ ಅಂದ್ರೆ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸೋ ಒಂದು ಪುಟ್ಟ ಮೀಟರ್. ಜೆಲ್ ಬಣ್ಣ ಬದಲಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಬಿಸಿ ಮಾಡಿದ್ರೆ ಮತ್ತೆ ಬಳಸಬಹುದು. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತೆ, ಅಡುಗೆ ಪಾತ್ರೇಲಿ ಹುರಿಯೋಕೆ ಬಿಡಬೇಡಿ, ಮಕ್ಕಳ ಕೈಗೂ ಸಿಗಬಾರದು.

ಅಕ್ಕಿ ಡಬ್ಬ ಮಾತ್ರ ಬೇಡವೇ ಬೇಡ, ಅಕ್ಕಿಯ ಹುಡಿ ಲೆನ್ಸ್ ಒಳಗೆ ಹೋಗಿ ಕೂರುತ್ತೆ, ಫಂಗಸ್ಸಿಗೆ ಊಟ ಹಾಕಿದ ಹಾಗೆ. ಚರ್ಮದ ಕೇಸಿನಲ್ಲಿ ಇಡೋದೂ ತಪ್ಪು. ಆಗಲೇ ಫಂಗಸ್ ಬಂದ ಲೆನ್ಸನ್ನ ಬೇರೆಯವುಗಳ ಜೊತೆ ಇಡದೆ ಪ್ರತ್ಯೇಕ ಇಡಲಿ. ಕಪಾಟು ತಗೊಳ್ಳುವಾಗ ಒಂದು ಸೈಜ್ ದೊಡ್ಡದೇ ತಗೊಂಡು ಕೆಳಗಿನ ಅಂತಸ್ತು ನನ್ನ ರೇಷ್ಮೆ ಸೀರೆಗೆ ಅಂತ ಮೊದಲೇ ಹೇಳಿಬಿಡಿ. ನಾನಂತೂ ಹೇಳ್ತಿದ್ದೆ.

ಪ್ರಶ್ನೆ: ಬೆಂಗಳೂರಿನವಳು, ಮದುವೆ ನಿಶ್ಚಯ ಆಗಿದೆ. ಹುಡುಗ ಲೆನ್ಸ್ ಪ್ರಿಯ. ಪ್ರೀವೆಡ್ಡಿಂಗ್ ಶೂಟ್ ನಾನೇ ಮಾಡ್ತೀನಿ, ರಿಮೋಟ್ ಇದೆ ಅಂತಾನೆ. ಲಾಲ್‌ಬಾಗಿಗೆ ಕರ್ಕೊಂಡು ಹೋಗಿ ಒಂದೇ ಮರದ ಕೆಳಗೆ ಲೆನ್ಸ್ ಬದಲಾಯಿಸಿ ಬದಲಾಯಿಸಿ ತೆಗೆದ, ಬೊಕೆ, ಅಂದ್ರೆ ಹಿಂದುಗಡೆ ಮಸುಕು ಎಷ್ಟು ಚಂದ ಬರುತ್ತೆ ಅಂತ, ಕಂಪೇರ್ ಮಾಡೋಕಂತೆ. ಒಪ್ಪಬಹುದಾ?
ಹುಡುಗನ್ನ ಕೇಳ್ತಿದೀರೋ ಶೂಟ್‌ನ ಕೇಳ್ತಿದೀರೋ ಅಂತ ನೀವೇ ಕೇಳ್ತೀರ, ಎರಡೂ

ಉತ್ತರ: ಹುಡುಗನ್ನ ಒಪ್ಪಿ, ಶೂಟ್ ಬೇಡ. ಮುಹೂರ್ತದ ದಿನ ಅವನ ಕೈಗೆ ಕ್ಯಾಮೆರಾ ಸಿಗದ ಹಾಗೆ ನೋಡ್ಕೊಳ್ಳೋ ಜವಾಬ್ದಾರಿ ನಿಮ್ಮ ತಮ್ಮನಿಗೆ ವಹಿಸಿ, ತಾಳಿ ಕಟ್ಟುವಾಗ "ಈ ಲೈಟಲ್ಲಿ ಫ್ಲೇರ್ ಬರುತ್ತೆ" ಅನ್ನೋ ಮಾತು ಪುರೋಹಿತರಿಗೆ ಬೇಡ.

ಪ್ರಶ್ನೆ: ನಮ್ಮ ತಂದೆ ಬ್ಯಾಂಕಿನಿಂದ ರಿಟೈರ್ ಆದಮೇಲೆ ದೂರದ್ದನ್ನ ಹತ್ತಿರ ತೋರಿಸೋ 150-600 ಎಂಎಂ ಲೆನ್ಸ್ ತಗೊಂಡ್ರು, ಪಕ್ಷಿ ಫೋಟೋ ತೆಗೀತೀನಿ ಅಂತ. ಪಕ್ಷಿಗಿಂತ ಮೊದಲು ಲೆನ್ಸ್ ಕ್ಯಾಲಿಬ್ರೇಟ್ ಆಗಬೇಕಂತೆ, ಅಂದ್ರೆ ಫೋಕಸ್ ಸರಿಹೊಂದಿಸಬೇಕಂತೆ. ದಿನಾ ಮಧ್ಯಾಹ್ನ ಟೆರೇಸ್ ಮೇಲೆ ಹೋಗಿ ಎರಡು ಬೀದಿ ಆಚೆಗಿರೋ ನೀರಿನ ಟ್ಯಾಂಕ್ ಮೇಲಿನ ಅಕ್ಷರ, ಯಾರದೋ ಮನೆ ನೇಮ್‌ಪ್ಲೇಟು, ಇದನ್ನೇ ತೆಗೀತಾರೆ, ಯಾವುದೂ ಶಾರ್ಪ್ ಬರ್ತಿಲ್ಲ ಅಂತ ಕೊರಗು. ಹೋದ ವಾರ ಹಿಂದಿನ ಬೀದಿಯವರು ಬಂದು "ನಿಮ್ಮ ಯಜಮಾನ್ರು ನಮ್ಮನೆ ಕಡೆ ದುರ್ಬೀನು ಹಿಡೀತಾರೆ" ಅಂತ ಅಮ್ಮನ ಹತ್ರ ಜಗಳ ಮಾಡಿ ಹೋದ್ರು. ಅಪ್ಪಂಗೆ ಅವಮಾನ ಆಗಿದೆ, ಅಮ್ಮಂಗೆ ಅದಕ್ಕಿಂತ ಜಾಸ್ತಿ. ಹೇಗೆ ಹೇಳೋದು?
ಮಗ, ಮೈಸೂರು

ಉತ್ತರ: ಹಿಂದಿನ ಬೀದಿಯವರದ್ದೇ ಸರಿ. ನಿಮ್ಮ ತಂದೆ ಅಕ್ಷರ ನೋಡ್ತಿದ್ರೋ ಇನ್ನೇನು ನೋಡ್ತಿದ್ರೋ ಬಟ್ಟೆ ಒಣಗಿಸ್ತಿರೋ ಹೆಂಗಸಿಗೆ ಅಲ್ಲಿಂದ ಹೇಗೆ ಗೊತ್ತಾಗಬೇಕು, ಅವಳಿಗೆ ಕಾಣೋದು ತನ್ನ ಕಡೆ ತಿರುಗಿರೋ ಒಂದು ಕೊಳವೆ. ನೀವೂ ತಂದೆಯವರೂ ಒಟ್ಟಿಗೆ ಹೋಗಿ ಲೆನ್ಸನ್ನೂ ತೆಗೆದ ಫೋಟೋನೂ ತೋರಿಸಿ ಮಾತಾಡಿ ಬನ್ನಿ, ಇನ್ಮೇಲೆ ಮನೆಗಳ ಕಡೆ ತಿರುಗಿಸಲ್ಲ ಅಂತ ಹೇಳಿ. ಟೆಸ್ಟ್ ಮಾಡಲೇಬೇಕಾ, ನಿಮ್ಮದೇ ಟೆರೇಸಿನ ಪ್ಯಾರಾಪೆಟ್ಟಿಗೆ ನ್ಯೂಸ್‌ಪೇಪರ್ ಅಂಟಿಸಿ ಆ ತುದಿಯಿಂದ ಈ ತುದಿಗೆ ತೆಗೀಲಿ.

ಇನ್ನು ಶಾರ್ಪ್ ಬರದೇ ಇರೋದಕ್ಕೆ ಕಾರಣ ಮಧ್ಯಾಹ್ನ. ಬಿಸಿಲಿಗೆ ಕಾದ ತಾರಸಿ, ಶೀಟು, ಡಾಂಬರು ಎಲ್ಲದರ ಮೇಲಿಂದ ಬಿಸಿ ಗಾಳಿ ಏಳ್ತಾ ಇರುತ್ತೆ, ಎರಡು ಬೀದಿ ದೂರದ ವಸ್ತುವನ್ನ 600 ಎಂಎಂನಲ್ಲಿ ನೋಡಿದಾಗ ಆ ಗಾಳಿ ಪೂರ್ತಿ ಮಧ್ಯೆ ಬಂದು ಅಕ್ಷರ ಕುದಿಯೋ ಥರ ಕಾಣುತ್ತೆ. ಜಗತ್ತಿನ ಎಂಥಾ ದುಬಾರಿ ಲೆನ್ಸ್ ತಂದ್ರೂ ಅದು ಸರಿಹೋಗಲ್ಲ. ಬೆಳಗ್ಗೆ ಏಳು ಗಂಟೆಗೆ ಅದೇ ಟೆಸ್ಟ್ ಮಾಡೋಕೆ ಹೇಳಿ, ಅವರೇ ಆಶ್ಚರ್ಯಪಡ್ತಾರೆ. ಅದು ಹತ್ತಿರ ಹತ್ತಿರ ಎರಡು ಕೆಜಿ ಲೆನ್ಸು, ಕೈಯಲ್ಲಿ ಹಿಡಿದ್ರೆ ಶಟರ್ ಸ್ಪೀಡು ಸೆಕೆಂಡಿನ ಸಾವಿರದಲ್ಲೊಂದು ಭಾಗವಾದ್ರೂ ಇರಲಿ. ಕ್ಯಾಲಿಬ್ರೇಷನ್ ಅನ್ನೋದು ಕನ್ನಡಿ ಇರೋ ಹಳೇ ಡಿಎಸ್‌ಎಲ್‌ಆರ್‌ಗೆ ಬೇಕಾಗೋದು, ಅದರಲ್ಲಿ ಫೋಕಸ್ ನೋಡೋ ಸೆನ್ಸರ್ರೇ ಬೇರೆ, ಫೋಟೋ ತೆಗೆಯೋ ಸೆನ್ಸರ್ರೇ ಬೇರೆ, ಎರಡಕ್ಕೂ ತಾಳ ತಪ್ಪಬಹುದು. ಕನ್ನಡಿ ಇಲ್ಲದ ಮಿರರ್‌ಲೆಸ್ ಆಗಿದ್ರೆ ಎರಡೂ ಒಂದೇ ಸೆನ್ಸರ್, ಕ್ಯಾಲಿಬ್ರೇಟ್ ಮಾಡೋದಕ್ಕೆ ಹೆಚ್ಚಾಗಿ ಏನೂ ಇರಲ್ಲ.

ಮತ್ತೆ, ಮೈಸೂರಲ್ಲಿದ್ದುಕೊಂಡು ನೀರಿನ ಟ್ಯಾಂಕ್ ಫೋಟೋ ತೆಗೆಯೋದಾ ಸ್ವಾಮಿ! ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ಒಂದು ಸುತ್ತು ಹಾಕಿದ್ರೆ ಹೆಜ್ಜಾರ್ಲೆ ಸಿಗುತ್ತೆ. ಅರ್ಧ ಗಂಟೆ ದಾರಿ ರಂಗನತಿಟ್ಟು, ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆದದ್ದು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರ್ತು. ದೋಣಿ ಅಲ್ಲಾಡ್ತಾ ಇರುತ್ತೆ, ಟ್ರೈಪಾಡ್ ಇಡೋಕಾಗಲ್ಲ, ಕೊಕ್ಕರೆ ಗೂಡಿಗೆ ಕಡ್ಡಿ ತರ್ತಾ ಇರುತ್ತೆ, ಟೆಸ್ಟ್ ಮಾಡ್ತಾ ಕೂರೋಕೆ ಅಲ್ಲಿ ಪುರುಸೊತ್ತೇ ಸಿಗಲ್ಲ. ಮೊದಲ ಸಲ ನೀವು ಜೊತೆಗೆ ಹೋಗಿ. ಅವಮಾನ ಆದವರು ಒಬ್ಬರೇ ಹೊರಗೆ ಹೊರಡಲ್ಲ.

ಪ್ರಶ್ನೆ: ಮೇಡಂ, ನಾನು ನೀವು ಬೈಯೋ ಪೈಕಿಯವನೇ. ತುಂಬ ಅಗಲ ನೋಟ ಹಿಡಿಯೋ 14 ಎಂಎಂ ವೈಡ್ ಲೆನ್ಸ್ ತಗೊಂಡೆ, ಎ3 ಹಾಳೆಲಿ ಚಾರ್ಟ್ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ ಟೆಸ್ಟ್ ಮಾಡಿದೆ, ಮೂಲೆಗಳು ಮೆತ್ತಗೆ, ಅಂದ್ರೆ ಮಸುಕು. ಬದಲಾಯಿಸಿಕೊಂಡೆ, ಅದೂ ಹಾಗೇ. ಇನ್ನೊಂದು ಸಲ ವಾಪಸ್ ಮಾಡಿದ್ರೆ ತವರಿಗೆ ಹೋಗ್ತೀನಿ ಅಂತ ಮನೆಯವಳು ಹೇಳ್ತಿದಾಳೆ. ಲೆನ್ಸ್ ಎಷ್ಟು ಶಾರ್ಪ್ ಅಂತ ತೋರಿಸೋ ಕಂಪನಿಯ ಎಂಟಿಎಫ್ ಚಾರ್ಟಲ್ಲಿ ಮೂಲೆ ಚೆನ್ನಾಗೇ ತೋರಿಸಿದಾರೆ. ನನ್ನದು ತಪ್ಪಾ, ಲೆನ್ಸಿಂದು ತಪ್ಪಾ?
ಹಾಸನ

ಉತ್ತರ: ಹಾಳೆಯದ್ದು. 14 ಎಂಎಂನಲ್ಲಿ ಎ3 ಹಾಳೆ ಫ್ರೇಮ್ ತುಂಬಬೇಕು ಅಂದ್ರೆ ಲೆನ್ಸ್ ಗೋಡೆಗೆ ಗೇಣುದ್ದ ಹತ್ತಿರ ಬರಬೇಕು. ಅಷ್ಟು ಹತ್ತಿರದಿಂದ ಆ ಲೆನ್ಸಿನಲ್ಲಿ ಯಾರು ಯಾವ ಫೋಟೋ ತೆಗೀತಾರೆ ಹೇಳಿ? ಅದನ್ನ ಮಾಡಿರೋದು ದೂರದ ವಸ್ತುಗಳಿಗೆ. ಜೊತೆಗೆ ವೈಡ್ ಲೆನ್ಸುಗಳ ಫೋಕಸ್ ಮಟ್ಟಸ ಹಾಳೆ ಥರ ಇರಲ್ಲ, ಬಾಗಿರುತ್ತೆ, ಮಧ್ಯಕ್ಕೆ ಫೋಕಸ್ ಮಾಡಿದಾಗ ಮೂಲೆಯ ಫೋಕಸ್ ಗೋಡೆಗಿಂತ ಮುಂದೆಯೋ ಹಿಂದೆಯೋ ಬಿದ್ದಿರುತ್ತೆ. ಸಪಾಟು ಚಾರ್ಟಿಗೆ ಅದು ಮಂಕು ಅನ್ಸುತ್ತೆ, ದೇವಸ್ಥಾನದ ಎದುರು ನಿಂತಾಗ ಗೊತ್ತೂ ಆಗಲ್ಲ. ಎಂಟಿಎಫ್ ಚಾರ್ಟನ್ನ ನಂಬಿ ಕೂರಬೇಡಿ, ಬಹಳಷ್ಟು ಕಂಪನಿಗಳದ್ದು ನಕ್ಷೆಯಿಂದ ಲೆಕ್ಕ ಹಾಕಿ ಬಂದ ಗೆರೆ, ನಿಮ್ಮ ಕೈಗೆ ಬಂದ ಲೆನ್ಸನ್ನ ಅಳೆದು ಬರೆದದ್ದಲ್ಲ.

ಡಿಸೆಂಟರಿಂಗ್ ಇದೆಯಾ ಅಂತ ನೋಡಬೇಕಾದ್ರೆ ಸುಲಭ ದಾರಿ ಇದೆ. ದೂರದಲ್ಲಿ ಆಕಾಶಕ್ಕೆ ಎದ್ದು ಕಾಣೋ ಮೊಬೈಲ್ ಟವರ್ ಒಂದನ್ನ ಹುಡುಕಿ. ಮಧ್ಯದಲ್ಲಿಟ್ಟು ಫೋಕಸ್ ಮಾಡಿ, ಫೋಕಸ್ಸನ್ನ ಮ್ಯಾನುಯಲ್‌ಗೆ ಹಾಕಿ ಮತ್ತೆ ಮುಟ್ಟಬೇಡಿ. ಅದೇ ಟವರ್ರು ಒಂದೊಂದು ಸಲ ಒಂದೊಂದು ಮೂಲೇಲಿ ಬರೋ ಹಾಗೆ ನಾಲ್ಕು ಫೋಟೋ ತೆಗೀರಿ. ಈಗ ಮೂಲೆಯನ್ನ ಮಧ್ಯದ ಜೊತೆ ಹೋಲಿಸಬೇಡಿ, ಮೂಲೆ ಮೂಲೆಗಳನ್ನ ಮಾತ್ರ ಹೋಲಿಸಿ. ನಾಲ್ಕೂ ಒಂದೇ ಥರ ಮೆತ್ತಗಿದ್ರೆ ಅದು ಆ ಡಿಸೈನಿನ ಗುಣ, ಎಷ್ಟು ಸಲ ಬದಲಾಯಿಸಿದ್ರೂ ಅದೇ ಬರುತ್ತೆ. ಒಂದು ಮೂಲೆ ಮಾತ್ರ ಹಾಳಾಗಿದ್ರೆ ವಾಪಸ್ ಮಾಡಿ, ಮನೆಯವರಿಗೆ ನಾನು ಹೇಳ್ತೀನಿ.

ಆದ್ರೆ ನಿಮ್ಮ ವಿಷಯದಲ್ಲಿ ನನಗೆ ಆಶ್ಚರ್ಯ ಏನಂದ್ರೆ, ಹಾಸನದಲ್ಲಿ ಕೂತು ಹಾಳೆ ಫೋಟೋ ತೆಗೀತಿದೀರ. ಹಳೇಬೀಡು ಅಲ್ಲೇ ಇದೆ. ಹೊಯ್ಸಳೇಶ್ವರದ ಹೊರಗೋಡೆ ತಳದಲ್ಲಿ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಆ ಬಳಪದ ಕಲ್ಲಲ್ಲಿ ಕೆತ್ತಿದ ಸರದ ಒಂದೊಂದು ಮಣಿಯೂ ಬೇರೆ ಬೇರೆ ಕಾಣುತ್ತೆ, ಇದಕ್ಕಿಂತ ಒಳ್ಳೇ ಚಾರ್ಟ್ ಯಾವ ಕಂಪನಿ ಪ್ರಿಂಟ್ ಹಾಕುತ್ತೆ? ಬೆಳಗಿನ ಓರೆ ಬಿಸಿಲಲ್ಲಿ ಹೋಗಿ, ನೆತ್ತಿ ಮೇಲೆ ಸೂರ್ಯ ಬಂದ್ರೆ ಕೆತ್ತನೆ ಎಲ್ಲ ಚಪ್ಪಟೆ ಆಗುತ್ತೆ. ಟ್ರೈಪಾಡ್ ಮನೇಲೇ ಬಿಡಿ, ಪುರಾತತ್ವ ಇಲಾಖೆ ಜಾಗದಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಜನ ಜಾಸ್ತಿ, ಹೊರಗಿನವರೆಲ್ಲ ಹುಡುಕ್ಕೊಂಡು ಬರ್ತಿದಾರೆ. ಮನೆಯವರನ್ನ ಕರ್ಕೊಂಡು ಹೋಗಿ, ಅವರ ಫೋಟೋನ 14 ಎಂಎಂನಲ್ಲಿ ಹತ್ತಿರದಿಂದ ಮಾತ್ರ ತೆಗೀಬೇಡಿ, ಮೂಗು ದೊಡ್ಡದಾಗಿ ಬರುತ್ತೆ, ಆಗ ನಿಜವಾಗ್ಲೂ ತವರಿಗೆ ಹೋಗ್ತಾರೆ. ಒಂದು 50 ಎಂಎಂ ಲೆನ್ಸ್ ಜೇಬಲ್ಲಿರಲಿ.

ನಿಮ್ಮಂಥವರಿಗೆ ಇನ್ನೊಂದು ಮಾತು. ಮೈಸೂರಿನ ಪತ್ರಿಕಾ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಫೋಟೋಗಳು 1979ರಲ್ಲಿ ವಿಶ್ವಸಂಸ್ಥೆ ಕಟ್ಟಡದಲ್ಲಿ ಪ್ರದರ್ಶನ ಆಗಿದ್ವು. ಸಿಕ್ಕಿದ ಕಡೆ ಅವನ್ನ ಕೂತು ನೋಡಿ, ಯಾವ ಎಫ್ ನಂಬರಲ್ಲಿ ತೆಗೆದಿದ್ದು ಅಂತ ಯೋಚನೆ ಬರುತ್ತಾ ಅಂತ ನಿಮ್ಮನ್ನೇ ಕೇಳ್ಕೊಳ್ಳಿ. ಬಂದ್ರೆ ಬರಲಿ, ನನಗೇನೂ ಅಭ್ಯಂತರ ಇಲ್ಲ.

ಪ್ರಶ್ನೆ: ನಮ್ಮವರ ಹುಟ್ಟುಹಬ್ಬಕ್ಕೆ ಸರ್ಪ್ರೈಸ್ ಆಗಿ ಒಂದು ಲೆನ್ಸ್ ಕೊಡಿಸಬೇಕು ಅಂತ ದುಡ್ಡು ಕೂಡಿಸಿಟ್ಟಿದೀನ್ರಿ. ಯಾವುದು ತಗೊಳ್ಳಲಿ?
ಕಲಬುರಗಿ

ಉತ್ತರ: ಲೆನ್ಸ್ ಬಿಟ್ಟು ಏನು ಬೇಕಾದ್ರೂ ಕೊಡಿ. ನೀವು ಕೊಟ್ಟದ್ದನ್ನ ವಾಪಸ್ ಮಾಡೋ ಧೈರ್ಯ ಅವರಿಗೆ ಇರಲ್ಲ, ಟೆಸ್ಟ್ ಮಾಡದೇ ಇರೋಕೂ ಆಗಲ್ಲ, ಎಡ ಮೂಲೆ ಮೆತ್ತಗಿದೆ ಅಂತ ಗೊತ್ತಾದ ಮೇಲೆ ನಿಮ್ಮ ಮುಂದೆ ನಗ್ತಾ ಇರಬೇಕು, ಹುಟ್ಟುಹಬ್ಬದ ದಿನ ಅಂಥ ಶಿಕ್ಷೆ ಯಾಕೆ. ಅವರು ತೆಗೆದ ಫೋಟೋಗಳಲ್ಲಿ ಗೋಡೆ ಇಲ್ಲದ್ದನ್ನ ಆರಿಸಿ ಒಂದು ಒಳ್ಳೇ ಆಲ್ಬಂ ಪ್ರಿಂಟ್ ಹಾಕಿಸಿ. ಅಷ್ಟು ಫೋಟೋ ಸಿಗಲಿಲ್ಲ ಅಂದ್ರೆ ಹಾರ್ಡ್ ಡಿಸ್ಕ್ ಕೊಡಿ, ಅದಂತೂ ಬೇಕಾಗೇ ಇರುತ್ತೆ.